ಬುಗ್ಗಿಕೊಪ್ಪದ ಇರುನೀರು

ಬುಗ್ಗಿಕೊಪ್ಪ,
ವಿಳಂಬಿ ಸಂವತ್ಸರ, ಆಶ್ವೀಜ ಹುಣ್ಣಿಮೆ.
ನಿಮ್ಮ ಕ್ಯಾಲೆಂಡರಿನಲ್ಲಿ ೨೧೯೮ನೆಯ ಇಸವಿ.

ನಮಗಿಂತ ಮೊದಲು ಈ ಗುಡ್ಡದ ನೀರು ಕುಡಿದವರಿಗೆ ನಿಂಬೆವ್ವಳ ನಮಸ್ಕಾರ.

ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ. ಎಲ್ಲಾದರೂ ಮಾತು ತೊಡಕಾದರೆ, ಗುರುತಿಲ್ಲದ ಪದ ಬಂದರೆ ಮನ್ನಿಸಬೇಕು. ನೀವೆಲ್ಲ ಹೋಗಿ ಎಷ್ಟೋ ಕಾಲದ ಮೇಲೆ ಹುಟ್ಟಿದವಳು ನಿಮ್ಮ ಕ್ಷೇಮ ವಿಚಾರಿಸುವುದು ಹೇಗೋ ನನಗೆ ತಿಳಿಯದು. ಆದರೂ ಕೇಳುತ್ತೇನೆ, ಚೆನ್ನಾಗಿದ್ದೀರಾ?

ನಾವು ಕುಡಿಯುವುದು ಗಾಳಿನೀರು. ಮಾಳಿಗೆಯ ಮೇಲೆ ಕಟ್ಟಿದ ಬಲೆಗಳು ಗಾಳಿಯ ತೇವವನ್ನು ಹಿಡಿದು, ಹನಿ ಹನಿಯಾಗಿ ಹಂಡೆ ತುಂಬಿಸುತ್ತವೆ. ಶುದ್ಧ ನೀರೇ, ಆದರೆ ರುಚಿಯಿಲ್ಲ. ಅದಕ್ಕೆ ರುಚಿಗುಳಿಗೆ ಹಾಕುತ್ತೇವೆ. ಸುಣ್ಣ, ಉಪ್ಪು, ಚೂರು ಕಬ್ಬಿಣ ಸೇರಿಸಿ ಮಾಡಿದ ಸಣ್ಣ ಉಂಡೆ ಅದು. ಒಂದು ಮನೆಯ ಹದ ಇನ್ನೊಂದು ಮನೆಯಲ್ಲಿ ಇರುವುದಿಲ್ಲ. ಮದುವೆಯಾಗಿ ಹೋಗುವ ಹುಡುಗಿ ತವರಿನ ಗುಳಿಗೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗುತ್ತಾಳೆ, ಹೊಸ ಮನೆಯ ನೀರು ಒಗ್ಗುವತನಕ ಯಾರೂ ಕಾಣದಂತೆ ಅದನ್ನೇ ತನ್ನ ಲೋಟಕ್ಕೆ ಹಾಕಿಕೊಳ್ಳುತ್ತಾಳೆ. ಇದೇ ಊರಿನ ಇನ್ನೊಂದು ಮನೆಗೆ ಸೊಸೆಯಾಗಿ ಹೋದ ನಾನೂ ಹಾಕಿಕೊಂಡಿದ್ದೆ. ಗಂಡನ ತಾಯಿ ನೋಡಿಯೂ ನೋಡದವರಂತೆ ಇದ್ದುಬಿಟ್ಟರು.

ನಮ್ಮೂರಿನ ಹಿಂದೆ ಕಲ್ಲಿನ ಗುಡ್ಡವಿದೆ. ಅದರ ಬುಡದಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಒಂದು ದೋಣಿ, ಅಂದರೆ ನೀರು ನಿಲ್ಲುವ ಕಲ್ಲಿನ ತೊಟ್ಟಿ. ಒಂದು ಕಾಲಕ್ಕೆ ಗುಡ್ಡದೊಳಗಿನ ಬುಗ್ಗೆ ಉಕ್ಕಿ ಈ ದೋಣಿಗೆ ಬೀಳುತ್ತಿತ್ತಂತೆ. ನಿಮ್ಮ ಕಾಲದಲ್ಲಿ ಪಕ್ಕದಲ್ಲೇ ಕಾರ್ಖಾನೆಯೊಂದು ಎದ್ದಿತು, ಬುಗ್ಗೆಯ ನೀರು ಬಾಟಲಿ ತುಂಬಿ ದೂರದ ಊರುಗಳಿಗೆ ಹೋಯಿತು. ಬೇಡಿಕೆ ಹೆಚ್ಚಿದಂತೆ ಆಳಕ್ಕೆ ಕೊಳವೆ ಇಳಿಸಿದರು. ಬುಗ್ಗೆ ಬತ್ತಿತು, ಕಾರ್ಖಾನೆ ಬೇರೆ ಗುಡ್ಡ ಹುಡುಕಿಕೊಂಡು ಹೋಯಿತು. ನಿಮ್ಮನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಬಾಯಾರಿದವರು ಬಾಟಲಿ ಕೊಂಡರು, ಅದರಲ್ಲಿ ತಪ್ಪೇನು ಹುಡುಕಲಿ.

ನನ್ನನ್ನು ಸಾಕಿದವರು ಸೋದರತ್ತೆ ತುಂಗವ್ವ. ತಾಯಿ ಹೋದಾಗ ನಾನಿನ್ನೂ ಮೊಲೆ ಕುಡಿಯುವ ಕೂಸು. ಅತ್ತೆ ಪ್ರತಿ ಬೇಸಿಗೆಯಲ್ಲೂ ಆ ಒಣ ದೋಣಿಯ ಹೂಳು ತೆಗೆದು, ಗುಡಿಸಿ ಬರುತ್ತಿದ್ದರು. ನಾನು ಅವರ ಸೊಂಟದ ಮೇಲಿರುತ್ತಿದ್ದೆ, ಆಮೇಲೆ ಪಕ್ಕದಲ್ಲಿ. ಹನಿ ನೀರಿಲ್ಲದ್ದನ್ನು ಯಾಕೆ ಗುಡಿಸ್ತೀ ಎಂದು ಕೇಳಿದವರಿಗೆ, ಬೀಗರು ಬರುವ ಮೊದಲೇ ಹಾಸಿಗೆ ಹಾಸಿಡುವುದಿಲ್ಲವೇ ಎಂದು ನಗುತ್ತಿದ್ದರು.

ಮೂರು ವರ್ಷದ ಹಿಂದೆ ಬುಗ್ಗೆ ಮರಳಿತು. ಮೊದಲು ಬಂಡೆ ಬೆವತಂತೆ ಕಂಡಿತು, ಆಮೇಲೆ ದೋಣಿಯ ತಳದಲ್ಲಿ ಅಂಗೈಯಗಲ ನೀರು ನಿಂತಿತು. ಊರಿನ ಹಿರಿಯರಾದ ಹುಸೇನಸಾಬರು ಎಲ್ಲರನ್ನೂ ಕರೆದು ಕಟ್ಟಳೆ ಮಾಡಿದರು. ಇದು ಇರುನೀರು, ಅಂದರೆ ಇದ್ದಲ್ಲೇ ಇರಬೇಕಾದ ನೀರು. ಇದರ ಒಂದು ಹನಿಯನ್ನೂ ಯಾವ ಪಾತ್ರೆಯಲ್ಲೂ ಒಯ್ಯಬಾರದು. ದೋಣಿ ಮುಟ್ಟಿ ಎಲ್ಲರೂ ಮಾತು ಕೊಟ್ಟೆವು. ಕಾಯುವ ಹೊಣೆ ನನ್ನ ಪಾಲಿಗೆ ಬಂತು. ಕುಡಿಯಲೂ ಯಾರಿಗೂ ಧೈರ್ಯವಾಗಲಿಲ್ಲ, ನೋಡಿ ಬರುತ್ತಿದ್ದೆವು, ಅಷ್ಟೆ. ಹುಸೇನಸಾಬರ ಸ್ವಂತ ಮಗಳು ಮದುವೆಯ ಅರಿಸಿನಕ್ಕೆಂದು ಒಂದು ಚಂಬು ಬೇಡಿದಾಗ ಅವರೇ ಕೊಡಲಿಲ್ಲ.

ಈ ವೈಶಾಖದಲ್ಲಿ ಅತ್ತೆ ಹಾಸಿಗೆ ಹಿಡಿದರು. ಅನ್ನ ಬಿಟ್ಟರು. ಗಾಳಿನೀರನ್ನು ಬಾಯಿಗೆ ಹಾಕಿದರೆ ಮಗುವಿನಂತೆ ಉಗುಳುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಮುಂಗೈ ಹಿಡಿದುಕೊಂಡರು.

"ಚಂಬು ತುಂಬ ಬ್ಯಾಡವ್ವಾ. ನಾಲಗಿ ತೊಯ್ಯುವಷ್ಟು ಬುಗ್ಗಿ ನೀರು ತಂದು ಕೊಡ್ತೀಯೇನು?"

ಮಾತು ಕೊಟ್ಟಿದ್ದೇನೆ ಅತ್ತೆ ಎಂದೆ. ಅವರು ಎರಡನೆಯ ಸಲ ಕೇಳಲಿಲ್ಲ. ಹೌದಲ್ಲ, ಮರೆತೆ ಎಂದು ಗೋಡೆಯ ಕಡೆ ಹೊರಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಬೆನ್ನನ್ನು ನೋಡುತ್ತ ಕೂರಲಾಗಲಿಲ್ಲ. ನೇರವಾಗಿ ಹುಸೇನಸಾಬರ ಮನೆಗೆ ಹೋಗಿ, ಕಾಯುವ ಕೆಲಸ ಬೇರೆಯವರಿಗೆ ಕೊಡಿ, ನನ್ನಿಂದ ಇನ್ನು ಆಗುವುದಿಲ್ಲ ಎಂದು ಅತ್ತುಬಿಟ್ಟೆ. ಅವರು ಎಲ್ಲ ಕೇಳಿಸಿಕೊಂಡರು.

"ನೀರು ಮನಿಗೆ ಬರಬಾರದು, ಖರೆ. ಮನಶ್ಯಾ ನೀರಿನ ಕಡೆ ಹೋಗಬಾರದಂತ ಯಾರ ಹೇಳ್ಯಾರವ್ವಾ?" ಎಂದರು. ಎದ್ದು ಅಂಗಳದಲ್ಲಿದ್ದ ಹಗ್ಗ ಹೆಣೆದ ಮಂಚವನ್ನು, ಅಂದರೆ ಹೊರಸನ್ನು, ತಾವೇ ಹೆಗಲಿಗೇರಿಸಿದರು.

ಅತ್ತೆಯನ್ನು ಅದರ ಮೇಲೆ ಮಲಗಿಸಿ ನಾಲ್ವರು ಹೊತ್ತೆವು. ಹೊರಸಿನ ಮುಂದಿನ ಒಂದು ಕಾಲು ಹುಸೇನಸಾಬರ ಹೆಗಲ ಮೇಲೆ, ಹಿಂದಿನದು ನನ್ನ ಹೆಗಲ ಮೇಲೆ. ಯಾರೂ ಕರೆಯದೆ ಊರು ಹಿಂದೆ ಬಂತು. ದೋಣಿಯ ಪಕ್ಕ ಇಳಿಸಿದಾಗ ನಾನು ಬೆರಳು ಅದ್ದಿ ತುಟಿಗೆ ಹಚ್ಚಲು ಹೋದೆ. ಅತ್ತೆ ನನ್ನ ಕೈ ಸರಿಸಿ, ತಾವೇ ಬಗ್ಗಿ ಬೊಗಸೆ ಒಡ್ಡಿದರು. ಬೆರಳ ಸಂದಿಯಿಂದ ಬಹುಪಾಲು ನೀರು ಮತ್ತೆ ದೋಣಿಗೇ ಬಿತ್ತು. ಉಳಿದದ್ದನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. ಹೇಗಿದೆ ಎಂದು ಕೇಳಿದೆ.

"ಹೇಳಾಕ ಬರೂದಿಲ್ಲವ್ವಾ. ನೀನೂ ಕುಡಿ."

ಕುಡಿದೆ. ನನ್ನ ಹಿಂದೆ ಊರೆಲ್ಲ ಒಬ್ಬೊಬ್ಬರಾಗಿ ಬಗ್ಗಿ ಕುಡಿಯಿತು. ಎಲ್ಲರಿಗಿಂತ ಕೊನೆಗೆ ಹುಸೇನಸಾಬರು, ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡರು.

ಅದೇ ಅತ್ತೆಯ ಕೊನೆಯ ಗುಟುಕು ಎಂದುಕೊಂಡಿದ್ದೆವು. ಅವರು ಮರುದಿನ ಎದ್ದು ಕೂತು ಅಂಬಲಿ ಕೇಳಿದರು. ಭಾದ್ರಪದದವರೆಗೂ ಬದುಕಿದರು, ಗಾಳಿನೀರನ್ನು ಬೈಯುತ್ತ, ದೋಣಿಗೆ ಹೊರಸು ಹೊರುವವರು ತಡಮಾಡಿದರೆ ಅವರನ್ನೂ ಬೈಯುತ್ತ. ಆಮೇಲೆ ಒಂದು ಮಳೆಯ ಮಧ್ಯಾಹ್ನ ನನ್ನ ತೊಡೆಯ ಮೇಲೆ ಮಲಗಿದವರು ಏಳಲಿಲ್ಲ. ಈಗ ಕಟ್ಟಳೆಗೆ ಒಂದು ಮಾತು ಸೇರಿದೆ. ನಡೆಯಲಾರದವರನ್ನು ಊರು ಹೊತ್ತು ತರಬೇಕು. ಸುತ್ತಲ ಹಳ್ಳಿಗಳಿಂದಲೂ ಬರುತ್ತಾರೆ, ಹೊರಲು ನಮ್ಮವರೇ ಹೋಗುತ್ತಾರೆ.

ಇನ್ನು ನನ್ನ ಬೇಡಿಕೆ. ಗುಡ್ಡದ ಮಗ್ಗುಲಲ್ಲಿ ನಿಮ್ಮ ಕಾಲದ ಖಾಲಿ ಬಾಟಲಿಯೊಂದು ಸಿಕ್ಕಿದೆ. ಅದರ ಚೀಟಿಯ ಮೇಲೆ ನಮ್ಮ ಗುಡ್ಡದ ಚಿತ್ರವಿದೆ, ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು ಎಂದು ಬರೆದಿದೆ. ರುಚಿ ಹೇಗಿತ್ತೆಂದು ಬರೆದಿಲ್ಲ. ಈಗ ಬಂದಿರುವುದು ಅದೇ ನೀರೋ ಬೇರೆಯೋ, ಹೇಳಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ನೀವಿದ್ದೀರಿ. ನೀವು ಕೊಳ್ಳುವ ಬಾಟಲಿಯ ಮೇಲಿನ ಊರಿನ ಹೆಸರು ಓದಿ, ಒಮ್ಮೆ ಅಲ್ಲಿಗೆ ಹೋಗಿ, ಬಗ್ಗಿ ಕುಡಿಯಿರಿ. ಕುಡಿದು ಮನೆಗೆ ಬಂದು ಮಕ್ಕಳಿಗೆ ಹೇಳಿ. ಅವರು ತಮ್ಮ ಮಕ್ಕಳಿಗೆ ಹೇಳಲಿ. ಹಾಗೆ ಬಾಯಿಂದ ಬಾಯಿಗೆ ಅದು ನಮ್ಮವರೆಗೆ ಬಂದೀತು.

ದೊಡ್ಡ ಮಾತು ಬೇಡ. ತಣ್ಣಗಿತ್ತು ಎಂದರೂ ಸಾಕು.

ನಿಮ್ಮ
ನಿಂಬೆವ್ವ