ಒಂದೇ ಅಳತೆಗೆ ಕತ್ತರಿಸಿದ ಪಾತಿ

ಮನೆ, ಹೊಲಿಗೆ ಯಂತ್ರದ ಪಕ್ಕ
ಮೇ ೧೪, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮಹಾರಾಯ್ತಿಗೆ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಮಗಳ ಮನೆಯ ಮೆಟ್ಟಿಲು ಬಹಳ ಕಡಿದು ಎಂದು ಬರೆದಿದ್ದೆ. ಮಗುವನ್ನು ಎತ್ತಿಕೊಂಡು ಇಳಿಯುವಾಗ ಕಂಬಿ ಹಿಡಿದುಕೋ, ಅವಸರ ಮಾಡಬೇಡ. ಪುಟಾಣಿಗೆ ಈಗ ಕುತ್ತಿಗೆ ನಿಂತಿದೆಯೇ? ಮಗಳು ಹೊತ್ತಿಗೆ ಸರಿಯಾಗಿ ಕೂತು ಉಣ್ಣುತ್ತಾಳೋ, ಇಲ್ಲ ಚಿಕ್ಕಂದಿನ ಹಾಗೆ ನಿಂತೇ ನಾಲ್ಕು ತುತ್ತು ನುಂಗಿ ಓಡುತ್ತಾಳೋ? ಅಳಿಯನನ್ನೂ ಕೇಳಿದೆನೆಂದು ಹೇಳು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಂದರೆ, ನಿನ್ನ ಅಮ್ಮ ಚೆನ್ನಾಗಿದ್ದಾರೆ, ನಾನು ಇದ್ದೇನೆ.

ಈ ಪತ್ರವನ್ನು ಬರೆದ ಮೇಲೆ ಅತ್ತೆಗೆ ಓದಿ ಹೇಳಬೇಕು. ಅದು ಅವರ ಆಜ್ಞೆ. ಆದ್ದರಿಂದ ಓದುವಾಗ ಹಾರಿಸಬೇಕಾದ ಸಾಲುಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೋಗುತ್ತೇನೆ. ಗೆರೆ ಜಾಸ್ತಿ ಕಂಡರೆ ಗಾಬರಿಯಾಗಬೇಡ. ಆರು ವಾರಕ್ಕೆಂದು ಹೋದವಳು ನೀನು, ಇವತ್ತಿಗೆ ಮೂರು ತಿಂಗಳ ಮೇಲೆ ಹನ್ನೆರಡು ದಿನ ಆಯಿತು. ಮೊದಲು ಮಗುವಿಗೆ ಶೀತ, ಆಮೇಲೆ ಮಗಳಿಗೆ ಜ್ವರ, ಅದಾದ ಮೇಲೆ ಅಳಿಯನಿಗೆ ಕೆಲಸದ ಪಾಳಿ ಬದಲು. ಮುಂದಿನ ಪತ್ರಕ್ಕೆ ಪಕ್ಕದ ಮನೆಯ ಬೆಕ್ಕಿಗೇ ಏನಾದರೂ ಆಗಬಹುದು ಎಂದುಕೊಂಡಿದ್ದೆ. ಆದರೆ ನೀನು ‘ನೀವು ಬಾ ಅಂದ್ರೆ ಈ ತಿಂಗಳ ಕೊನೆಗೆ ಬಂದುಬಿಡ್ತೀನಿ’ ಎಂದು ಬರೆದೆ. ಅತ್ತೆಗೆ ಆ ಸಾಲನ್ನು ಎರಡು ಸಲ ಓದಿ ಹೇಳಬೇಕಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ: ‘ಬಾ ಅಂದ್ರಾ?’

ಮಹಾರಾಯ್ತಿ, ನಿಜ ಹೇಳುತ್ತೇನೆ, ಈ ಮನೆ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೋಗಿ ಎಂಟಕ್ಕೆ ಬರುವವನಿಗೆ ಮನೆ ಎಂದರೆ ಊಟ, ಹಾಸಿಗೆ. ಈಗ ಅಂಗಡಿಗೆ ಬೀಗ ಹಾಕಿ ಯಂತ್ರವನ್ನು ಅತ್ತೆಯ ಕೋಣೆಯ ಬಾಗಿಲ ಬಳಿ ಹಾಕಿಕೊಂಡು ಕೂತಿದ್ದೇನೆ. ಯಂತ್ರದಿಂದ ಮಂಚಕ್ಕೆ ನಾಲ್ಕು ಹೆಜ್ಜೆ, ಮಂಚದಿಂದ ಅಡಿಗೆಮನೆಗೆ ಹತ್ತು. ಕೋಲಿನಿಂದ ಒಂದು ಸಲ ನೆಲ ಕುಟ್ಟಿದರೆ ನೀರು, ಎರಡು ಸಲ ಕುಟ್ಟಿದರೆ ಮಗ್ಗುಲು ಬದಲಿಸಬೇಕು, ಮೂರು ಸಲ ಎಂದರೆ ಕಿಟಕಿಯ ಹೊರಗೆ ಏನೋ ಆಗಿದೆ, ಓಡಿ ಬಂದು ನೋಡಬೇಕು. ಒಂದು ತೋಳು ಹೊಲಿದು ಮುಗಿಸುವಷ್ಟರಲ್ಲಿ ಐದು ಸಲ ಏಳುತ್ತೇನೆ. ಶಾಲೆ ತೆರೆಯುವ ಮೊದಲು ನಲವತ್ತು ಜೊತೆ ಸಮವಸ್ತ್ರ ಕೊಡಬೇಕು, ಇಲ್ಲಿಯವರೆಗೆ ಹನ್ನೊಂದೇ ಜೊತೆ ಆಗಿದೆ. ಪಕ್ಕದ ಮನೆಯ ನರ್ಸಮ್ಮ ಮಂಗಳವಾರ, ಶುಕ್ರವಾರ ಅರ್ಧ ಗಂಟೆ ಬಂದು ಕೂರುತ್ತಾರೆ. ಅಷ್ಟರಲ್ಲಿ ತರಕಾರಿ, ದಾರ, ಔಷಧಿ ಎಲ್ಲ ತರಬೇಕು. ಹೋದ ಶುಕ್ರವಾರ ಸೊಪ್ಪಿನ ಚೀಲ ಹಿಡಿದುಕೊಂಡು ಬಸ್ ನಿಲ್ದಾಣದಲ್ಲಿ ಸುಮ್ಮನೆ ನಿಂತಿದ್ದೆ. ಬಸ್ಸು ಬಂತು. ಕಂಡಕ್ಟರ್ ‘ಹತ್ತೋ ಹಾಗಿದ್ರೆ ಬೇಗ ಹತ್ತಿ ಸ್ವಾಮಿ’ ಎಂದ. ನನ್ನ ಕಾಲು ಒಂದು ಹೆಜ್ಜೆ ಮುಂದೆ ಹೋಗಿತ್ತು, ಕಣೇ. ಆಮೇಲೆ ನಾಚಿಕೆಯಾಗಿ ಹಿಂದೆ ಸರಿದೆ. ಮನೆಗೆ ಬಂದಾಗ ಅತ್ತೆ ‘ನಾಲ್ಕು ನಿಮಿಷ ತಡ’ ಎಂದರು.

ಈಗ ಪಾತಿಯ ವಿಷಯ. ಇದನ್ನು ಹೇಳದೆ ಬೇರೇನೂ ಹೇಳುವ ಹಾಗಿಲ್ಲ. ಗೇಟಿನಿಂದ ಅತ್ತೆಯ ಕಿಟಕಿಯವರೆಗಿನ ಆ ಅಂಚಿನ ಪಾತಿ ನಿನಗೆ ಅಂಗೈಯ ಗೆರೆಯಷ್ಟು ಗೊತ್ತು. ನನಗೆ ಅದು ಹನ್ನೆರಡು ಹೆಜ್ಜೆ ಉದ್ದದ ಹೂವು, ಅಷ್ಟೇ ಆಗಿತ್ತು. ಬೇಸಿಗೆ ಕಾಲಿಡುವಾಗ ಅಲ್ಲಿ ಒಂದು ಖಾಲಿ ಹೊತ್ತು ಬರುತ್ತದೆ, ಚಳಿಯ ಹೂಗಳು ಬಾಡಿ ಮುಗಿದಿರುತ್ತವೆ, ಬಿಸಿಲಿನವು ಇನ್ನೂ ಮೊಗ್ಗು ಕಟ್ಟಿರುವುದಿಲ್ಲ ಎಂಬುದನ್ನು ನೀನು ಅದನ್ನು ನೋಡಿಕೊಂಡ ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ನೀನು ಕಾಣಲು ಬಿಟ್ಟಿರಲಿಲ್ಲ. ‘ಏಪ್ರಿಲ್ ಮೊದಲ ವಾರ ಡೇಸಿ ಗಿಡ ಕತ್ತರಿಸೋದು ಮರೀಬೇಡಿ’ ಎಂದು ಬರೆದೆ. ಮೂವತ್ತು ವರ್ಷ ಕತ್ತರಿ ಹಿಡಿದವನಿಗೆ ಕತ್ತರಿಸುವುದನ್ನು ಯಾರಾದರೂ ಹೇಳಿಕೊಡಬೇಕೇ? ಅತ್ತೆ ಮಧ್ಯಾಹ್ನ ಮಲಗಿದ್ದಾಗ ಟೇಪು, ಸುಣ್ಣದ ಬಳಪ, ದೊಡ್ಡ ಕತ್ತರಿ ತೆಗೆದುಕೊಂಡು ಹೋದೆ. ಎರಡು ಕಡ್ಡಿ ನೆಟ್ಟು, ದಾರ ಎಳೆದು ಕಟ್ಟಿ, ಅಳೆದೂ ಸುರಿದೂ, ಗೇಟಿನಿಂದ ಕಿಟಕಿಯವರೆಗೆ ಇಪ್ಪತ್ತಾರು ಪೊದೆಯನ್ನೂ ಒಂದೇ ಎತ್ತರಕ್ಕೆ, ಮೊಣಕಾಲಿಗಿಂತ ಎರಡು ಬೆರಳು ಕೆಳಗೆ, ಪ್ಯಾಂಟಿನ ಅಂಚಿನ ಹಾಗೆ ಕತ್ತರಿಸಿದೆ. ನೋಡಲು ಎಷ್ಟು ಚೆನ್ನಾಗಿತ್ತು ಗೊತ್ತೇ? ಒಂದು ಎಲೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನೇ ದೂರ ನಿಂತು ತಲೆದೂಗಿದೆ.

ಎದ್ದ ಕೂಡಲೇ ಕೋಲು ಮೂರು ಸಲ ಕುಟ್ಟಿತು. ಅತ್ತೆ ಕಿಟಕಿಯ ಸರಳು ಹಿಡಿದುಕೊಂಡಿದ್ದರು. ‘ಒಂದು ಬಿಟ್ಟು ಒಂದು ಕತ್ತರಿಸ್ಬೇಕಲ್ವಾ ಅಳಿಯಂದಿರೇ! ಬಿಟ್ಟಿದ್ದು ಈಗ ಹೂ ಬಿಡುತ್ತೆ, ಕತ್ತರಿಸಿದ್ದು ಅದು ಮುಗಿದ ಮೇಲೆ ಬಿಡುತ್ತೆ. ಎಲ್ಲಾನೂ ಕತ್ತರಿಸಿದ್ರೆ ಈ ಮೇ ತಿಂಗಳು ನಾನು ಏನನ್ನ ನೋಡ್ಲಿ?’ ಅಲ್ಲಿಗೆ ಮುಗಿಯಿತು. ಮೂರು ದಿನ ಮಾತಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈಯದ ಅತ್ತೆ ಎಂದರೆ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾಲ್ಕನೆಯ ದಿನ ಅವರೇ ಗೋಡೆಯ ಕಡೆ ಮುಖ ಮಾಡಿ ಹೇಳಿದರು: ‘ಹೂ ಇದ್ರೆ ದಿನ ಬದಲಾಯ್ತು ಅಂತ ಗೊತ್ತಾಗುತ್ತೆ. ಇಲ್ದಿದ್ರೆ ನಿನ್ನೆನೂ ಇದೇ, ಇವತ್ತೂ ಇದೇ.’ ನನ್ನದು ಮೂರು ತಿಂಗಳು. ಅವರದು, ಆ ಬಚ್ಚಲಲ್ಲಿ ಬಿದ್ದ ದಿನದಿಂದ, ಹನ್ನೊಂದು ವರ್ಷ.

ಆಮೇಲೆ ಅವರು ಹೇಳಿದಂತೆ ಮಾಡುತ್ತಾ ಬಂದೆ. ‘ಹೂ ಇಲ್ದಿದ್ರೆ ಎಲೆ ತನ್ನಿ’ ಎಂದರು. ಸಸಿ ಮಾರುವವನ ಬಳಿ ಕೆಂಪು, ನೇರಳೆ ಎಲೆಯ ಕೋಲಿಯಸ್ ಎಂಟು ಕುಂಡ ತಂದು, ಕುಂಡದ ಬಾಯಿ ಕಾಣದ ಹಾಗೆ ಮಣ್ಣಲ್ಲಿ ಹೂತೆ. ಅಲ್ಲಿಯೇ ಬೆಳೆದ ಗಿಡದ ಹಾಗೆ ಕಾಣುತ್ತದೆ. ಬಾಡಿದ ಪೆಟೂನಿಯಾವನ್ನು ಅರ್ಧಕ್ಕೆ ಚಿವುಟಿ, ಗೊಬ್ಬರದ ನೀರು ಹಾಕಿದೆ, ಎರಡು ವಾರ ಬಿಟ್ಟು ಚಿಗುರಿ ಹೂ ಬಿಡುತ್ತದಂತೆ. ಜೀನಿಯಾ ಬೀಜ ಬಿತ್ತಿದೆ, ಅದು ಈಗ ಎರಡೆಲೆ. ಗೇಟಿನ ಕಡೆ ಹೇಗೋ ತುಂಬಿತು. ಆದರೆ ಕಿಟಕಿಯ ಕೆಳಗಿನ ಎರಡು ಹೆಜ್ಜೆ ಹಾಗೇ ಉಳಿಯಿತು. ಮಲಗಿದಲ್ಲಿಂದ ಅವರಿಗೆ ಸರಿಯಾಗಿ ಕಾಣುವುದು ಅದೊಂದೇ ಜಾಗ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ, ಮೊಣಕೈ, ಕನ್ನಡಕ ಎಲ್ಲ ಕೆಸರಾಯಿತು, ಮೊಸರಿನ ಸುದ್ದಿಯೇ ಇಲ್ಲ. ದಿನಾ ಬೆಳಿಗ್ಗೆ ಅವರು ಅಲ್ಲಿ ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡುತ್ತಿದ್ದರು.

ಹಾಗಾಗಿ ಒಂದು ಮೂರ್ಖ ಕೆಲಸ ಮಾಡಿದೆ. ನಗಬೇಡ. ದರ್ಜಿಗೆ ತೋಚುವುದು ಬಟ್ಟೆಯೇ ತಾನೇ? ಬಟ್ಟೆಯಲ್ಲಿ ಹೂ ಮಾಡಿ, ತಂತಿಗೆ ಕಟ್ಟಿ, ಆ ಖಾಲಿ ಜಾಗದಲ್ಲಿ ನೆಡೋಣ, ಅತ್ತೆಯ ಕಣ್ಣಿಗೆ ಬಣ್ಣ ಕಂಡರೆ ಸಾಕು ಎಂದುಕೊಂಡೆ. ಮನೆಯಲ್ಲಿ ಇದ್ದದ್ದೆಲ್ಲ ಸಮವಸ್ತ್ರದ ನೀಲಿ, ಬೂದಿ. ಬೂದಿ ಬಣ್ಣದ ಹೂವನ್ನು ಯಾರು ನಂಬುತ್ತಾರೆ? ಪೆಟ್ಟಿಗೆ ತೆರೆದೆ. ಕೆಳಗೆ ನಿನ್ನ ಕಿತ್ತಳೆ ಬಣ್ಣದ ಅಂಗಿ ಇತ್ತು, ಪೇಟೆಗೆ ಹೋಗುವಾಗ ಹಾಕಿಕೋ ಎಂದು ನಾನೇ ಹೊಲಿದು ಕೊಟ್ಟದ್ದು, ಅತ್ತೆ ಬೀಳುವುದಕ್ಕೆ ಒಂದು ತಿಂಗಳು ಮುಂಚೆ. ಹಳೆಯದು, ನೆನಪಾದರೂ ಇರುತ್ತದೋ ಇಲ್ಲವೋ ಎಂದು ಕತ್ತರಿ ಹಾಕಿದೆ. ಹಾಕಿದ ಮೇಲೆ ನೋಡಿದೆ. ಮೊಣಕೈ ಸವೆದಿಲ್ಲ. ಕತ್ತಿನ ಪಟ್ಟಿಯಲ್ಲಿ ಬೆವರಿನ ಕಲೆಯಿಲ್ಲ. ತೋಳಿನ ಇಸ್ತ್ರಿಯ ಗೆರೆ ನಾನು ಹಾಕಿದ ಹಾಗೆಯೇ ಇತ್ತು. ಬಟ್ಟೆ ನೋಡಿದರೆ ಅದನ್ನು ತೊಟ್ಟವರು ಎಲ್ಲೆಲ್ಲಿ ಓಡಾಡಿದ್ದಾರೆಂದು ಹೇಳಬಲ್ಲೆ ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದೆನಲ್ಲ, ಆ ಅಂಗಿ ಎಲ್ಲಿಗೂ ಹೋಗಿರಲಿಲ್ಲ.

ಆದರೂ ಹೊಲಿದೆ, ಏನು ಮಾಡಲಿ, ಕತ್ತರಿಸಿ ಆಗಿತ್ತು. ಹದಿನಾಲ್ಕು ಹೂ. ನೆಟ್ಟ ದಿನ ಅತ್ತೆ ಕನ್ನಡಕ ಒರೆಸಿಕೊಂಡು ನೋಡಿ ‘ಪರವಾಗಿಲ್ವೇ’ ಎಂದರು. ಎರಡು ದಿನ ಮನೆಯಲ್ಲಿ ಕೋಲಿನ ಸದ್ದೇ ಕಡಿಮೆಯಾಯಿತು, ನಾಲ್ಕು ಚಡ್ಡಿ ಹೊಲಿದೆ. ನಿನ್ನೆ ಬೆಳಿಗ್ಗೆ ಕರೆದು ‘ಒಂದು ಹೂ ಕಿತ್ತು ತನ್ನಿ’ ಎಂದರು. ಅತ್ತ ದರಿ, ಇತ್ತ ಪುಲಿ. ಈಗ ಕೀಳಬಾರದು, ಗಿಡಕ್ಕೆ ಒಳ್ಳೆಯದಲ್ಲ ಎಂದೆಲ್ಲ ತೊದಲಿದೆ. ‘ತನ್ನಿ’ ಎಂದರು. ತಂದೆ. ಅವರು ಅದನ್ನು ಬೆರಳಲ್ಲಿ ಸವರಿದರು, ತಿರುಗಿಸಿ ಅಂಚಿನ ಹೊಲಿಗೆ ನೋಡಿದರು. ನಗುತ್ತಾರೋ, ಎಸೆಯುತ್ತಾರೋ ಎಂದು ನಿಂತಿದ್ದೆ. ‘ಇದು ಅವಳ ಕಿತ್ತಳೆ ಅಂಗಿ’ ಎಂದರು. ಆಮೇಲೆ ಹೂವನ್ನು ಎದೆಯ ಮೇಲೆ ಇಟ್ಟುಕೊಂಡು ಕೇಳಿದರು: ‘ವಾಪಸ್ ಬರೋಳ ಬಟ್ಟೇನ ಯಾರಾದ್ರೂ ಕತ್ತರಿಸ್ತಾರಾ, ಅಳಿಯಂದಿರೇ?’

ಹಳೆಯದು ಅತ್ತೆ, ಗೊತ್ತಾಗಲಿಲ್ಲ ಎಂದೆ. ಅವರು ಅಳುತ್ತಿದ್ದರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಇದೇ ಮೊದಲು, ಬಿದ್ದ ದಿನವೂ ಅವರು ಅತ್ತಿರಲಿಲ್ಲ. ‘ಬಾ ಅಂತ ಬರೀರಿ. ನಾನು ಕರೆದ್ರೆ ನಾಟಕ ಅಂತಾಳೆ, ನೀವು ಕರೆದ್ರೆ ಬರ್ತಾಳೆ. ಬರೆದು ನನಗೆ ಓದಿ ಹೇಳಿ’ ಎಂದರು. ಬರೆಯುತ್ತೇನೆಂದು ಅವರ ಕೈ ಹಿಡಿದು ಮಾತು ಕೊಟ್ಟೆ.

ಹಾಗಾಗಿ ಬರೆಯುತ್ತಿದ್ದೇನೆ. ಈ ಭಾಗಕ್ಕೆ ಪೆನ್ಸಿಲ್ ಗೆರೆ ಇಲ್ಲ. ಅಮ್ಮನಿಗೆ ನಿನ್ನನ್ನು ನೋಡಬೇಕೆನಿಸಿದೆ. ನನ್ನ ಕೈಯ ಗಂಜಿ ಅವರಿಗೆ ಹಿಡಿಸುವುದಿಲ್ಲ, ನಾನು ಮಗ್ಗುಲು ಬದಲಿಸಿದರೆ ಸೊಂಟ ನೋಯುತ್ತದಂತೆ. ಪಾತಿಗೂ ನಿನ್ನ ಕೈ ಬೇಕು. ನನಗೂ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನೀನಿಲ್ಲದೆ ಬೇಸರವಾಗಿದೆ. ತಿಂಗಳ ಕೊನೆಗೆ ಬಾ. ನಿಲ್ದಾಣಕ್ಕೆ ನರ್ಸಮ್ಮನ ಗಂಡನನ್ನು ಕಳಿಸುತ್ತೇನೆ, ನನಗೆ ಬರಲಾಗುವುದಿಲ್ಲ, ಏಕೆಂದು ನಿನಗೆ ಗೊತ್ತು.

ಪುಟಾಣಿಯ ಎರಡೂ ಕೆನ್ನೆಗೆ ಅಜ್ಜನ ಮುತ್ತು. ಮಗಳಿಗೂ ಅಳಿಯನಿಗೂ ಅಜ್ಜಿಯ ಆಶೀರ್ವಾದ, ನನ್ನದೂ ಸೇರಿಸಿ ಹೇಳು. ನೀನು ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಔಷಧಿ ತಗೋ.

ಇಂತಿ,
ನಿನ್ನ ದರ್ಜಿ

ಮರೆತಿದ್ದು: ಅತ್ತೆಗೆ ಓದಿ ಹೇಳಿ ಆಯಿತು. ‘ಸರಿಯಾಗಿ ಬರೆದಿದ್ದೀರಿ’ ಎಂದು ಸಮಾಧಾನದಿಂದ ಮಲಗಿದ್ದಾರೆ. ಈಗ ಬರೆಯುವುದನ್ನು ಅವರು ಕೇಳಿಲ್ಲ, ಕೇಳುವುದೂ ಇಲ್ಲ. ಅಂಚೆ ಡಬ್ಬ ತೆಗೆಯಲು ಹತ್ತು ನಿಮಿಷವಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಹೋದ ಪತ್ರದ ಮೂಲೆಯಲ್ಲಿ, ಅಮ್ಮನಿಗೆ ಯಾವ ಸೋಪು ತರಬೇಕೆಂಬುದು ಮುಗಿದ ಮೇಲೆ, ಅರ್ಧ ಸಾಲು ಇತ್ತು: ‘ನಿನ್ನೆ ಸಂಜೆ ಸುಮ್ಮನೆ ಹೊಳೆ ತನಕ ನಡೆದು ಬಂದೆ.’ ಅದನ್ನು ಅತ್ತೆಗೆ ಓದಲಿಲ್ಲ. ನಾನು ಮಾತ್ರ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಏನೂ ತರಲು ಅಲ್ಲ, ಯಾರನ್ನೂ ನೋಡಲು ಅಲ್ಲ, ಸುಮ್ಮನೆ. ನೀನು ಹಾಗೆ ಎಲ್ಲಿಗಾದರೂ ಹೋದದ್ದನ್ನು ನಾನು ಈ ಹನ್ನೊಂದು ವರ್ಷದಲ್ಲಿ ಕೇಳಿಲ್ಲ, ಕೇಳಿಲ್ಲವಲ್ಲ ಎಂದು ಅನಿಸಿಯೂ ಇರಲಿಲ್ಲ. ನನ್ನನ್ನು ಕ್ಷಮಿಸು. ಬರಬೇಡ. ಇವತ್ತೂ ಹೊಳೆಗೆ ಹೋಗು, ನಾಳೆಯೂ ಹೋಗು. ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ. ಟಿಕೆಟ್ ತೆಗೆಸಿದ್ದರೆ ರದ್ದು ಮಾಡಿಸು.