ದೀಪದ ಹೊಲ

ಹಾನಗಲ್, ೧೨ ನವೆಂಬರ್ ೧೯೩೮, ಶನಿವಾರ

ಮಾಮಲೇದಾರರಿಗೆ ಕೊಡಬೇಕಾದ ವರದಿ ಇನ್ನೂ ಬರೆದಿಲ್ಲ. ಅವರು ಕೇಳಿರುವುದು ಒಂದೇ ಪ್ರಶ್ನೆ: ಬಸವಣ್ಣನ ಗುಡಿಯಲ್ಲಿ ನಿತ್ಯ ದೀಪ ಉರಿಯುತ್ತಿದೆಯೇ? ಉರಿಯುತ್ತಿದ್ದರೆ ಪೂಜಾರಿ ಗುತ್ತೆಪ್ಪನ ಆರೆಕರೆ ಇನಾಮು ಹೊಲಕ್ಕೆ ಕಂದಾಯ ಮಾಫಿ. ಆರಿದ್ದರೆ ಎಲ್ಲರಂತೆ ಅವನೂ ಕಟ್ಟಬೇಕು.

ಸಂಜೆ ಹೋದಾಗ ದೀಪವೇನೋ ಉರಿಯುತ್ತಿತ್ತು. ಸುತ್ತ ಭತ್ತದ ಗದ್ದೆ, ಅದರ ಮೇಲೆ ತೆಳ್ಳನೆಯ ಮಂಜು. ಗುಡಿಯೇ ನೀರಿನ ಮೇಲೆ ತೇಲುತ್ತಿರುವಂತೆ ಕಂಡಿತು. ಗುತ್ತೆಪ್ಪ ಮಾತ್ರ ಇರಲಿಲ್ಲ. ಅವನು ಅಕ್ಕಿಆಲೂರಿನಲ್ಲಿ ಅಂಗಡಿ ಇಟ್ಟು ನಾಲ್ಕು ವರ್ಷವಾಯಿತಂತೆ. ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ಪಕ್ಕದ ಹೊಲದ ಅಡಿವೆವ್ವ. ತನ್ನ ಎರಡೆಕರೆಗೆ ಪೂರ್ತಿ ಕಂದಾಯ ಕಟ್ಟುವವಳು.

ನನಗೆ ಸಿಟ್ಟು ಬಂತು. "ಹಂಗಾರ ಯವ್ವ, ಮಾಫಿ ನಿನ್ನ ಹೊಲಕ್ಕ ಸಿಗಬೇಕು. ಹಂಗಂತ ಬರೀಲೇನು?" ಎಂದೆ.

ಅವಳು ಬತ್ತಿ ತೀಡುತ್ತಲೇ ನಕ್ಕಳು. "ಬ್ಯಾಡ್ರಿ ರಾಯರ. ಮಾಫಿ ತಗೊಂಡ್ರ ಈ ಎಣ್ಣಿ ಸರ್ಕಾರದ್ದಾಕ್ಕೈತ್ರಿ. ಈಗ ನಂದೈತಿ."

ಗಾಡಿಯಲ್ಲಿ ಬರುವಾಗ ತೂಕಡಿಕೆ. ಕಣ್ಣು ಮುಚ್ಚಿದರೂ ಆ ದೀಪದ ಕುಡಿ ಎತ್ತುಗಳ ಮುಂದೆ ಮುಂದೆ ನಡೆಯುತ್ತಿತ್ತು. ದೇವರಿಗೆ ಮಾಫಿ ಕೊಟ್ಟೆವು ಅಂದುಕೊಂಡಿದ್ದೇವೆ. ಕೊಟ್ಟದ್ದು ಯಾರಿಗೆ?

ಉರಿಯುತ್ತಿದೆ ಎಂದು ಬರೆದರೆ ಗುತ್ತೆಪ್ಪ ಗೆದ್ದ. ಇಲ್ಲವೆಂದು ಬರೆದರೆ ಅಡಿವೆವ್ವನ ದೀಪವನ್ನು ನಾನೇ ಊದಿ ಆರಿಸಿದಂತೆ.

ನನ್ನ ಮುಂದಿರುವ ಈ ಲಾಟೀನಿನ ಎಣ್ಣೆಯೂ ಕಚೇರಿಯದು. ಇದನ್ನು ಆರಿಸಿ ಸ್ವಲ್ಪ ಹೊತ್ತು ಕತ್ತಲಲ್ಲಿ ಕೂರುತ್ತೇನೆ.