ಕೆಂಪು ಕೋಟಿನ ಕಾರ್ಡು

ನಾರ್ಥಾಂಪ್ಟನ್,
೧೦ ಅಕ್ಟೋಬರ್ ೧೯೧೫, ಭಾನುವಾರ

ಪ್ರೀತಿಯ ಏಮಸ್,

ಕೆಮ್ಮು ಕಡಿಮೆಯಾಯಿತೇ? ಕಳಿಸಿದ ಕಾಲುಚೀಲ ತಲುಪಿತೇ? ಒಂದರ ಹಿಮ್ಮಡಿ ವಕ್ರವಾಗಿದೆ, ನಗಬೇಡ, ಅದು ನಿನ್ನಮ್ಮ ಹೆಣೆದದ್ದು. ಅವರು ಚೆನ್ನಾಗಿದ್ದಾರೆ. ಸೆಸಿಲ್‌ಗೆ ಮುಂದಿನ ಹಲ್ಲು ಬಿದ್ದಿದೆ. ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿವೆ.

ನಮ್ಮ ದೊಡ್ಡವನು, ಲೆನರ್ಡ್, ಸೈನ್ಯಕ್ಕೆ ಸೇರಿಬಿಟ್ಟ. ಮಂಗಳವಾರ ಬೂಟು ಕಾರ್ಖಾನೆಗೆಂದು ಹೊರಟವನು ನೇರ ಭರ್ತಿ ಕಚೇರಿಗೆ ಹೋಗಿದ್ದಾನೆ. ಮಾರ್ಚಿನಲ್ಲಷ್ಟೇ ಹದಿನಾರು ತುಂಬಿದ ಹುಡುಗ ಹತ್ತೊಂಬತ್ತು ಎಂದನಂತೆ. ಎತ್ತರದಲ್ಲಿ ನಿನ್ನ ಹಾಗೇ ಅಲ್ಲವೇ, ಯಾರೂ ಎರಡನೇ ಸಲ ಕೇಳಲಿಲ್ಲ. ನೀನು ಸಿಗರೇಟು ಪೊಟ್ಟಣದಿಂದ ತೆಗೆದು ಅವನಿಗೆ ಕಳಿಸಿದ್ದ ಸಿಪಾಯಿ ಚಿತ್ರದ ಕಾರ್ಡು ಅವನ ಕೈಯಲ್ಲಿತ್ತು, ನಿಮ್ಮ ರೆಜಿಮೆಂಟಿನದು, ಕೆಂಪು ಕೋಟು, ಹಿತ್ತಾಳೆ ಗುಂಡಿ, ಬೂಟಿನ ಮೇಲೆ ಒಂದು ಚೂರೂ ಧೂಳಿಲ್ಲದ್ದು. ಅದನ್ನೇ ತೋರಿಸಿ, ಇದು ಬೇಕು ಎಂದನಂತೆ. ಸಾರ್ಜೆಂಟ್ ನಕ್ಕು, "ಕೆಂಪು ಸಿಗಲ್ಲ ಮರಿ, ಮಣ್ಣಿನ ಬಣ್ಣದ್ದಿದೆ, ಹಾಕ್ಕೋತೀಯಾ?" ಎಂದನಂತೆ.

ಆ ಕಾರ್ಡಿನ ಹಿಂದೆ ನೀನು ಪೆನ್ಸಿಲಿನಲ್ಲಿ ಬರೆದಿದ್ದೆಯಲ್ಲ, "ನೋಡೋ, ಇಲ್ಲಿ ನಾವು ದಿನಾ ಹೀಗೇ ಸಿಂಗರಿಸ್ಕೊಂಡು ಕೂತಿರ್ತೀವಿ" ಎಂದು. ನಾನು ಓದಿ ನಕ್ಕಿದ್ದೆ. ಅವನು ನಗಲಿಲ್ಲ, ಹಾಸಿಗೆಯ ಮೇಲೆ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿಕೊಂಡ. ಮೊಣಕಾಲುದ್ದ ಕೆಸರಿನ ಮಾತು ನೀನು ನನಗೆ ಬರೆದ ಕಾಗದದಲ್ಲಿ ಮಾತ್ರ ಇತ್ತು.

ನನಗೆ ಅಳು ಬರಲಿಲ್ಲ ಏಮಸ್. ಬರಬೇಕಿತ್ತು ಅನ್ನಿಸುತ್ತದೆ. ಸುದ್ದಿ ಕೇಳಿದ ಮೇಲೂ ಆಲೂಗಡ್ಡೆ ಸುಲಿಯುತ್ತಲೇ ಇದ್ದೆ, ಅವನ ಪಾಲಿನದ್ದೂ ಸೇರಿಸಿ. ನಿನ್ನಮ್ಮ ಎರಡು ಸಲ ಏನೋ ಕೇಳಿದರಂತೆ, ನನಗೆ ಕೇಳಿಸಲೇ ಇಲ್ಲ. ಅವನ ತಟ್ಟೆಯನ್ನು ಇಟ್ಟು, ಮತ್ತೆ ತೆಗೆದು, ಒರೆಸಿ ಒಳಗಿಟ್ಟೆ.

ಒದ್ದೆ ಬೂಟಿನಲ್ಲಿ ಮಲಗಬೇಡ. ದೇವರು ನಿನ್ನನ್ನು ಕಾಯಲಿ. ಅಮ್ಮನ ಆಶೀರ್ವಾದ, ಸೆಸಿಲ್‌ನ ಮುತ್ತು.

ನಿನ್ನ,
ಹೆಸ್ಟರ್

ಮರೆತೆ: ಹಡಗು ಹತ್ತುವ ಮೊದಲು ಹೆತ್ತವರು ಕೇಳಿದರೆ ಚಿಕ್ಕವರನ್ನು ಮನೆಗೆ ಕಳಿಸುತ್ತಾರಂತೆ. ನಾನು ಲೆನರ್ಡ್ ಇದ್ದಲ್ಲಿಗೇ ಹೋಗಿ, ಅವನಿಗೆ ಹದಿನಾರೇ ಎಂದು ಅಲ್ಲಿಯವರಿಗೆ ಹೇಳಿದೆ. ಅವನು ನನ್ನ ಮುಖ ನೋಡಿಕೊಂಡೇ ಹತ್ತೊಂಬತ್ತು ಅಂದ. "ತಾಯಂದ್ರೆಲ್ಲ ಹೀಗೇ ಹೇಳೋದಮ್ಮ" ಎಂದು ನನ್ನನ್ನು ಕಳಿಸಿಬಿಟ್ಟರು. ನಿನ್ನ ಅಧಿಕಾರಿಗೆ ಇವತ್ತೇ ಹೇಳು. ಲೆನರ್ಡ್‌ಗೂ ಬರಿ, ಕೆಸರಿನ ಮಾತೇ ಬರಿ. ಇನ್ನು ಮೇಲೆ ಕಾರ್ಡು ಮಾತ್ರ ಕಳಿಸಬೇಡ. ಸೆಸಿಲ್ ಅಣ್ಣನ ಕಾರ್ಡುಗಳನ್ನೆಲ್ಲ ತನ್ನ ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದಾನೆ. ಕೆಂಪು ಕೋಟಿನದು ಅಣ್ಣ ಒಯ್ದುಬಿಟ್ಟ, ಇನ್ನೊಂದು ಕಳಿಸು ಅಂತ ಅಪ್ಪನಿಗೆ ಬರಿ ಎನ್ನುತ್ತಿದ್ದಾನೆ.